ವಾರ್ಡಿನಲ್ಲಿ ಮೊದಲು ಯಾರ ಬೆಡ್ಡಿಗೆ ಹೋಗಬೇಕು? ಹೊಸದಾಗಿ ಡ್ಯೂಟಿಗೆ ಬಂದ ನರ್ಸ್‌ಗಳಿಗೆ

ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೊದಲ ಸಲ ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡಿಗೆ ಬಂದವರಿಗೆ ಕ್ಯಾನುಲಾ ಹಾಕುವುದು, ಡ್ರೆಸ್ಸಿಂಗ್ ಮಾಡುವುದು ಒಂದೆರಡು ತಿಂಗಳಲ್ಲಿ ಕೈಗೆ ಬಂದುಬಿಡುತ್ತದೆ. ನಿಜವಾಗಿ ಕಷ್ಟ ಆಗುವುದು ಒಂದೇ ಹೊತ್ತಿಗೆ ಐದು ಬೆಡ್ಡಿನಿಂದ ಕರೆದಾಗ. ಯಾರ ಹತ್ತಿರ ಮೊದಲು ಹೋಗಬೇಕು? ಯಾರಿಗೆ "ಹತ್ತು ನಿಮಿಷ ತಡೀರಿ" ಅನ್ನಬಹುದು? ಇದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆ ಇರಲಿ, ಸಾಗರ, ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆ ಇರಲಿ, ಈ ಪ್ರಶ್ನೆ ಮಾತ್ರ ದಿನಾ ಬರುತ್ತದೆ.

ನನ್ನ ಉತ್ತರ ಒಂದೇ. ಜೋರಾಗಿ ಕೂಗುವವರನ್ನು ನೋಡಿ ಓಡಬೇಡಿ, ಮೊದಲಿನ ಹಾಗೆ ಯಾರು ಇಲ್ಲವೋ ಅವರ ಹತ್ತಿರ ಹೋಗಿ. ಬೆಳಿಗ್ಗೆಗೂ ಈಗಿಗೂ ಯಾರಲ್ಲಿ ಬದಲಾವಣೆ ಆಗಿದೆ, ಆ ಬದಲಾವಣೆ ಉಸಿರಿಗೆ, ರಕ್ತ ಓಡಾಟಕ್ಕೆ, ಪ್ರಜ್ಞೆಗೆ ಸಂಬಂಧಪಟ್ಟಿದ್ದಾ ಅಂತ ಕೇಳಿಕೊಳ್ಳಿ.

ಒಂದು ಉದಾಹರಣೆ ಮಾಡಿ ನೋಡೋಣ

ಮಳೆಗಾಲದ ಒಂದು ರಾತ್ರಿ ಡ್ಯೂಟಿ ಅಂದುಕೊಳ್ಳಿ. ಎಂಟು ಗಂಟೆಗೆ ಹ್ಯಾಂಡೋವರ್ ಆಯಿತು. ಹೊಸನಗರ ಕಡೆಯ ಒಬ್ಬ ಅಡಿಕೆ ಬೆಳೆಗಾರರು, ನಿನ್ನೆ ಹರ್ನಿಯಾ ಆಪರೇಷನ್ ಆಗಿದೆ, "ಸಿಸ್ಟರೇ, ನೋವು ತಡೆಯಕ್ಕೆ ಆಗ್ತಿಲ್ಲ" ಅಂತ ಕೂಗುತ್ತಿದ್ದಾರೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ, ತೊಡೆ ಮೂಳೆ ಮುರಿದು ಎರಡು ದಿನದ ಹಿಂದೆ ಆಪರೇಷನ್ ಆದವರು. ಗಲಾಟೆ ಏನಿಲ್ಲ, ಸುಮ್ನೆ ಬೆಡ್‌ಶೀಟಿನ ಅಂಚು ಎಳೆಯುತ್ತ "ದನ ಕಟ್ಟಬೇಕು, ಹೊತ್ತಾಯ್ತು" ಅನ್ನುತ್ತಿದ್ದಾರೆ. ಮೂರನೆಯವನು ಡೆಂಗಿಯ ಹುಡುಗ, ಐದನೇ ದಿನ. ಜ್ವರ ಬಿಟ್ಟಿದೆ, ಮನೆಯವರಿಗೆ ಖುಷಿ, ಹೊಟ್ಟೆನೋವು ಸ್ವಲ್ಪ ಇದೆಯಂತೆ. ನಾಲ್ಕನೆಯವರು ಶುಗರ್ ಇರುವವರು, ಕಾಲಿನ ಹುಣ್ಣಿಗೆ ಬಂದವರು. ಇನ್ಸುಲಿನ್ ಕೊಟ್ಟಾಗಿದೆ, ಊಟ ಇನ್ನೂ ಬಂದಿಲ್ಲ, ಮೈ ಬೆವರುತ್ತಿದೆ. ಐದನೆಯವರಿಗೆ ಡಿಸ್ಚಾರ್ಜ್ ಆಗಿದೆ, ಪೇಪರ್ ಬೇಕು, ತೀರ್ಥಹಳ್ಳಿ ಬಸ್ ತಪ್ಪುತ್ತದೆ ಅಂತ ಟೇಬಲ್ ಮುಂದೆ ನಿಂತಿದ್ದಾರೆ.

ಹೆಚ್ಚಿನವರು ನೋವಿನವರ ಹತ್ತಿರ ಹೋಗುತ್ತಾರೆ, ಇಲ್ಲದಿದ್ದರೆ ಎದುರಿಗೆ ನಿಂತವರ ಪೇಪರ್ ಹಿಡಿಯುತ್ತಾರೆ. ಈ ಐದು ಜನರಲ್ಲಿ ನಾನು ಮೊದಲು ಹೋಗುವುದು ಅಜ್ಜಿಯ ಹತ್ತಿರ. ನಿನ್ನೆವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಹೊತ್ತು ಗೊತ್ತು ತಪ್ಪಿ ಮಾತಾಡಿದರೆ ಅದನ್ನು ವಯಸ್ಸಿನ ಮೇಲೆ ಹಾಕಬಾರದು. ಹೊಸದಾಗಿ ಗೊಂದಲ ಶುರುವಾಗಿದೆ ಅಂದರೆ ಮೊದಲ ಅನುಮಾನ ಆಕ್ಸಿಜನ್ ಮೇಲೆ. ಉಸಿರು ಎಣಿಸಿ, 28 ಬಂತು ಅಂದುಕೊಳ್ಳಿ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 89. ದೊಡ್ಡ ಮೂಳೆ ಮುರಿದವರಲ್ಲಿ 24ರಿಂದ 72 ಗಂಟೆಯೊಳಗೆ ಕೊಬ್ಬಿನ ಕಣ ಶ್ವಾಸಕೋಶಕ್ಕೆ ಹೋಗಿ ಕೂರಬಹುದು, ಆಗ ಉಬ್ಬಸ, ಗೊಂದಲ, ಎದೆ ಮತ್ತು ಕಂಕುಳ ಹತ್ತಿರ ಸಣ್ಣ ಕೆಂಪು ಚುಕ್ಕೆ ಕಾಣಬಹುದು. ಕಾಲಿನಿಂದ ಹೊರಟ ರಕ್ತದ ಗಡ್ಡೆ ಇರಬಹುದು, ನ್ಯುಮೋನಿಯಾ ಇರಬಹುದು. ಯಾವುದು ಅಂತ ತೀರ್ಮಾನಿಸುವುದು ಡಾಕ್ಟರ ಕೆಲಸ. ತಲೆಭಾಗ ಎತ್ತಿ ಕೂರಿಸುವುದು, ನಿಮ್ಮ ಆಸ್ಪತ್ರೆಯ ನಿಯಮದ ಪ್ರಕಾರ ಆಕ್ಸಿಜನ್ ಶುರು ಮಾಡುವುದು, ತಕ್ಷಣ ಫೋನ್ ಮಾಡುವುದು ನಿಮ್ಮ ಕೆಲಸ.

ಅಜ್ಜಿ ಹತ್ತಿರ ಹೋಗುವಾಗಲೇ ಶುಗರ್ ಇರುವವರ ವಿಷಯ ಬಾಯಲ್ಲಿ ಹೇಳಿ ಮುಗಿಸಬೇಕು. ಸ್ಟೂಡೆಂಟ್ ಇದ್ದರೆ "ನಾಲ್ಕನೇ ಬೆಡ್‌ಗೆ ಜಿ.ಆರ್.ಬಿ.ಎಸ್. ಮಾಡು, ಈಗಲೇ, ನಂಬರ್ ನನಗೆ ಕೂಗಿ ಹೇಳು" ಅನ್ನಿ. ಅಂದರೆ ಬೆರಳು ಚುಚ್ಚಿ ಶುಗರ್ ನೋಡುವುದು. ಯಾರೂ ಇಲ್ಲ, ನೀವೊಬ್ಬರೇ ಅಂದರೆ? ಅವರು ಎಚ್ಚರ ಇದ್ದು ನುಂಗುತ್ತಾರೆ ಅಂತಾದರೆ ದಾರಿಯಲ್ಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಅವರ ಕೈಗೆ ಕೊಡಿ. ಶುಗರ್ 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಮಂಪರು ಇದ್ದರೆ ಬಾಯಿಗೆ ಏನೂ ಹಾಕಬೇಡಿ, ಅವರಿಗೆ ಸಕ್ಕರೆ ದ್ರಾವಣ, ಅಂದರೆ ಡೆಕ್ಸ್‌ಟ್ರೋಸ್ ನರಕ್ಕೇ ಹೋಗಬೇಕು. ಆಗ ಅವರೂ ಅಜ್ಜಿಯಷ್ಟೇ ಮುಖ್ಯ, ಇನ್ನೊಬ್ಬ ನರ್ಸನ್ನು ಕೂಗಿ ಕರೆಯಲೇಬೇಕು. ಮಿದುಳು ಸಕ್ಕರೆ ಇಲ್ಲದೆ ಜಾಸ್ತಿ ಹೊತ್ತು ಇರುವುದಿಲ್ಲ.

ಆಮೇಲೆ ಡೆಂಗಿ ಹುಡುಗ. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ, ಮನೆಯವರಂತೂ ಖಂಡಿತ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಮುಂದಿನ 24ರಿಂದ 48 ಗಂಟೆಯಲ್ಲಿ ರಕ್ತನಾಳದಿಂದ ನೀರು ಸೋರಿ ಬಿ.ಪಿ. ಬೀಳಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಒಂಥರಾ ಸುಸ್ತು, ಇವು ಎಚ್ಚರಿಕೆಯ ಗುರುತು. ಬಿ.ಪಿ. 100/84 ಬಂದರೆ ಮೇಲಿನ ನಂಬರ್ ನೋಡಿ ಸಮಾಧಾನ ಪಡಬೇಡಿ. ಎರಡರ ಮಧ್ಯೆ 20 ಅಥವಾ ಅದಕ್ಕಿಂತ ಕಡಿಮೆ ಅಂತರ ಇದ್ದರೆ ಆಗಲೇ ರಕ್ತ ಓಡಾಟ ಕುಸಿದು ಶಾಕ್‌ಗೆ ಹೋಗುತ್ತಿದ್ದಾನೆ ಅಂತ ಅರ್ಥ. ಕೈಕಾಲು ಮುಟ್ಟಿ ನೋಡಿ, ತಣ್ಣಗಿದೆಯಾ? ಮೂತ್ರ ಯಾವಾಗ ಹೋಯಿತು?

ಹರ್ನಿಯಾದವರ ನೋವು ನಿಜ, ಅದಕ್ಕೆ ಮದ್ದು ಕೊಡಲೇಬೇಕು. ಆದರೆ ಕೂಗಲು ಶಕ್ತಿ ಇದೆ ಅಂದರೆ ಗಾಳಿ ಸರಿಯಾಗಿ ಆಡುತ್ತಿದೆ, ಹತ್ತು ನಿಮಿಷ ಕಾಯಬಹುದು. ಹೋದಾಗ ಬರೀ ಇಂಜೆಕ್ಷನ್ ಕೊಟ್ಟು ಬರಬೇಡಿ. ಡ್ರೆಸ್ಸಿಂಗ್ ಒದ್ದೆ ಆಗಿದೆಯಾ, ಹೊಟ್ಟೆ ಗಟ್ಟಿ ಆಗಿದೆಯಾ, ಮೂತ್ರ ಹೋಗಿದೆಯಾ ನೋಡಿ. ಸ್ಪೈನಲ್ ಅನಸ್ತೇಷಿಯಾ (ಬೆನ್ನಿಗೆ ಚುಚ್ಚಿ ಮರಗಟ್ಟಿಸುವುದು) ಆದ ಗಂಡಸರಲ್ಲಿ ಮೂತ್ರ ಕಟ್ಟಿ, ಅದೇ ನೋವನ್ನು ಆಪರೇಷನ್ ನೋವು ಅಂದುಕೊಂಡಿರುವುದು ಎಷ್ಟೋ ಸಲ ಇದೆ. ಬಸ್ಸಿನವರಿಗೆ ಪೇಪರ್ ಕೊನೆಗೆ. ಅವರಿಗೆ ಮಾತ್ರ "ಅರ್ಧ ಗಂಟೆ ಆಗುತ್ತೆ ಅಣ್ಣ, ಅಲ್ಲಿ ಒಬ್ಬರಿಗೆ ತುಂಬ ಹುಷಾರಿಲ್ಲ" ಅಂತ ಮುಖ ನೋಡಿ ಹೇಳಿ. ಕಾರಣ ಹೇಳಿದರೆ ನಮ್ಮ ಜನ ಕಾಯುತ್ತಾರೆ.

ಉಸಿರು ಎಣಿಸಿ, ದಯವಿಟ್ಟು

ಇದೊಂದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ವಾರ್ಡಿನಲ್ಲಿ ಇಷ್ಟು ಕಡೆಗಣಿಸಿದ ವಿಷಯ ಬೇರೆ ಇಲ್ಲ. ಯಾವ ಚಾರ್ಟ್ ತೆಗೆದರೂ ಉಸಿರಾಟದ ಕಾಲಮ್ಮಿನಲ್ಲಿ ಎಲ್ಲರಿಗೂ 20, 20, 20. ಪಕ್ಕದಲ್ಲಿ ಬಿ.ಪಿ., ಪಲ್ಸ್ ಸರಿಯಾಗಿ ಬರೆದಿರುತ್ತದೆ, ಅದಕ್ಕೆ ಮೆಷಿನ್ ಇದೆ. ಉಸಿರಿಗೆ ಮೆಷಿನ್ ಇಲ್ಲ, ಒಂದು ನಿಮಿಷ ನಿಂತು ಎಣಿಸಬೇಕು. ಆದರೆ ರೋಗಿ ಕೆಡುವಾಗ ಮೊದಲು ಏರುವುದು ಹೆಚ್ಚಾಗಿ ಅದೇ, ಬಿ.ಪಿ. ಬೀಳುವುದು ಎಷ್ಟೋ ತಡವಾಗಿ. ಬಿ.ಪಿ. ಬಿತ್ತು ಅನ್ನುವ ಹೊತ್ತಿಗೆ ದೇಹ ತನ್ನ ಕೈಲಾದಷ್ಟು ಎಲ್ಲ ಮಾಡಿ ಸೋತಿರುತ್ತದೆ.

ಎಣಿಸುವುದನ್ನು ರೋಗಿಗೆ ಹೇಳಬೇಡಿ. ಪಲ್ಸ್ ಹಿಡಿದ ಹಾಗೆ ಕೈ ಹಿಡಿದುಕೊಂಡು ಎದೆ ಏರಿಳಿಯುವುದನ್ನು ನೋಡಿ. ಪೂರ್ತಿ ಒಂದು ನಿಮಿಷ. ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ರೋಗಿ ಎಷ್ಟು ಕೆಡುತ್ತಿದ್ದಾರೆ ಅಂತ ಅಂಕದಲ್ಲಿ ಅಳೆಯುವ ನ್ಯೂಸ್ ಸ್ಕೋರ್ ಅಂತ ಒಂದಿದೆ, ಅದರಲ್ಲಿ ಉಸಿರು ನಿಮಿಷಕ್ಕೆ 25 ಅಥವಾ ಜಾಸ್ತಿ ಇದ್ದರೆ ನೇರ 3 ಅಂಕ. ಹೊಸ ಗೊಂದಲಕ್ಕೂ 3. ಸ್ಯಾಚುರೇಷನ್ 91 ಅಥವಾ ಕೆಳಗೆ 3, ಮೇಲಿನ ಬಿ.ಪಿ. 90 ಅಥವಾ ಕೆಳಗೆ 3. ಯಾವುದಾದರೂ ಒಂದರಲ್ಲೇ 3 ಬಂದರೂ ಡಾಕ್ಟರಿಗೆ ಹೇಳಬೇಕು, ಒಟ್ಟು 5 ಆದರೆ ತುರ್ತು, 7 ಆದರೆ ಎಲ್ಲ ಬಿಟ್ಟು ಓಡಬೇಕು. ನಮ್ಮ ಅಜ್ಜಿಗೆ ಉಸಿರಿಗೆ 3, ಗೊಂದಲಕ್ಕೆ 3, ಸ್ಯಾಚುರೇಷನ್‌ಗೆ 3. ಒಂದು ಮಾತೂ ಕೂಗದೆ 9 ಅಂಕ! ನಿಮ್ಮ ವಾರ್ಡಿನಲ್ಲಿ ಈ ಚಾರ್ಟ್ ಇಲ್ಲದಿದ್ದರೂ ಪರವಾಗಿಲ್ಲ, ಈ ನಾಲ್ಕು ನಂಬರ್ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಬೀಡಿ ಸೇದಿ ಅಥವಾ ಒಲೆ ಹೊಗೆಯಿಂದ ಶ್ವಾಸಕೋಶ ಹಾಳಾದ ಸಿ.ಒ.ಪಿ.ಡಿ.ಯವರಿಗೆ ಮಾತ್ರ ಸ್ಯಾಚುರೇಷನ್ ಗುರಿ ಬೇರೆ, 88ರಿಂದ 92. ಅವರಿಗೆ ಡಾಕ್ಟರ್ ಹೇಳಿದಷ್ಟೇ ಆಕ್ಸಿಜನ್.

ಮಳೆಗಾಲದಲ್ಲಿ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿ. ಹಾಗಂತ ಕಡಿಮೆ ಬಂದಾಗೆಲ್ಲ ಮೆಷಿನ್ ಸರಿ ಇಲ್ಲ ಅಂತ ಬಿಡಬೇಡಿ, ಮೊದಲು ರೋಗಿಯ ಮುಖ ನೋಡಿ.

ನಂಬರ್ ಒಂದೇ ಸಾಲದು

ಮೇಲಿನ ಬಿ.ಪಿ. 90 ಇದ್ದರೆ ಕಡಿಮೆ, 120 ಇದ್ದರೆ ಸರಿ ಅಂತ ಓದಿರುತ್ತೀರಿ. ಆದರೆ ಯಾವಾಗಲೂ 160 ಇರುವವರಿಗೆ 110 ಬಂದರೆ ಅದು ಅವರಿಗೆ ಕಡಿಮೆಯೇ. ಬಿ.ಪಿ. ಮಾತ್ರೆಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ಒಳಗೆ ರಕ್ತ ಹೋಗುತ್ತಿದ್ದರೂ ಪಲ್ಸ್ ಅಷ್ಟು ಏರುವುದಿಲ್ಲ. ಅವರಿಗೆ ಶುಗರ್ ಇಳಿದರೂ ಎದೆ ಡವಡವ ಅನ್ನುವುದು ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಬರುತ್ತದೆ. ಅದಕ್ಕೇ ಕೇಸ್ ಶೀಟ್ ತೆಗೆದು ಹಿಂದಿನ ಮೂರು ನಾಲ್ಕು ಸಲದ ನಂಬರ್ ನೋಡಿ. 138, 126, 114. ಮೂರೂ ನಾರ್ಮಲ್, ಆದರೆ ದಾರಿ ಕೆಳಗೆ ಹೋಗುತ್ತಿದೆ. ಜೊತೆಗೆ ಮೂತ್ರ ತುಂಬುವ ಯೂರೋ ಬ್ಯಾಗ್ ನೋಡಿ. ಗಂಟೆಗೆ ಕೆ.ಜಿ.ಗೆ ಅರ್ಧ ಎಂ.ಎಲ್. ಬರಬೇಕು, 60 ಕೆ.ಜಿ.ಯವರಿಗೆ 30 ಎಂ.ಎಲ್. ಅದಕ್ಕಿಂತ ಕಡಿಮೆ ಬಂದರೆ ಮೊದಲು ಟ್ಯೂಬ್ ಮಡಚಿದೆಯಾ ನೋಡಿ, ಇಲ್ಲ ಅಂದರೆ ಕಿಡ್ನಿಗೆ ರಕ್ತ ಸಾಲುತ್ತಿಲ್ಲ ಅಂತ ತಿಳಿಯಿರಿ.

ಮಲೆನಾಡಿನವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಯ ಹಿರಿಯರು ತೊಂದರೆ ಕಡಿಮೆ ಮಾಡಿ ಹೇಳುತ್ತಾರೆ. ಸಿಸ್ಟರಿಗೆ ಯಾಕೆ ಸುಮ್ನೆ ಕಷ್ಟ ಕೊಡುವುದು ಅಂತ. "ಎಂತ ಇಲ್ಲ, ಸ್ವಲ್ಪ ಗ್ಯಾಸು" ಅಂದರೆ ಹಾರ್ಟ್ ಅಟ್ಯಾಕ್ ಇರಬಹುದು, ಅದರಲ್ಲೂ ಶುಗರ್ ಇರುವವರಿಗೆ, ವಯಸ್ಸಾದ ಹೆಂಗಸರಿಗೆ ಎದೆನೋವೇ ಬರದೆ ಸಂಕಟ, ಬೆವರು, ಸುಸ್ತು ಮಾತ್ರ ಬರಬಹುದು. "ನೋವು ಇದೆಯಾ?" ಅಂದರೆ "ಇಲ್ಲ" ಅಂತಾರೆ. "ನಿನ್ನೆ ಬಾತ್‌ರೂಮಿಗೆ ನಡೆದು ಹೋಗಿದ್ರಿ, ಇವತ್ತು ಯಾಕೆ ಹೋಗಿಲ್ಲ ಅಮ್ಮ?" ಅಂತ ಕೇಳಿ, ಆಗ ನಿಜ ಹೊರಗೆ ಬರುತ್ತದೆ. ಜೊತೆಗಿರುವ ಮಗಳೋ ಸೊಸೆಯೋ "ಇವತ್ತು ಯಾಕೋ ಅಪ್ಪ ಒಂಥರಾ ಇದಾರೆ" ಅಂದರೆ ಅದನ್ನು ಒಂದು ವೈಟಲ್ ಸೈನ್ ಅಂತಲೇ ತಿಳಿದು ಎದ್ದು ಹೋಗಿ ನೋಡಿ. ದಿನವಿಡೀ ಆ ಮುಖವನ್ನೇ ನೋಡುತ್ತ ಕೂತವರು ಅವರು.

ಇನ್ನೊಂದು, ಎಲೆ ಅಡಿಕೆ. ಬಾಯಿ ಕೆಂಪಗಿದ್ದರೆ ಕವಳ ಅಂತ ಬಿಟ್ಟುಬಿಡುತ್ತೇವೆ. ಜ್ವರ ಬಂದು ಪ್ಲೇಟ್‌ಲೆಟ್ ಇಳಿದವರಿಗೆ ನೀರು ಕೊಟ್ಟು ಬಾಯಿ ಮುಕ್ಕಳಿಸಿ ಅನ್ನಿ, ಆಮೇಲೆ ಟಾರ್ಚ್ ಹಾಕಿ ವಸಡು ನೋಡಿ. ಅಡಿಕೆ ಜಾಸ್ತಿ ಜಗಿದವರಿಗೆ ಬಾಯಿ ಪೂರ್ತಿ ತೆರೆಯದೇ ಇರಬಹುದು. ಅದನ್ನು ಆಪರೇಷನ್ ಮುಂಚೆಯೇ ಅನಸ್ತೇಷಿಯಾ ಡಾಕ್ಟರಿಗೆ ಹೇಳಿ.

ನಮ್ಮ ಕಡೆಯ ಕೇಸುಗಳು

ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಕಾಡಂಚಿನ ಊರಿನಿಂದ ಜ್ವರ ಅಂತ ಬಂದರೆ ಮಂಗನ ಕಾಯಿಲೆ ತಲೆಯಲ್ಲಿ ಇರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು. ಉಣುಗು ಕಚ್ಚಿ ಬರುತ್ತದೆ, ಅದನ್ನೇ ಕೊಲ್ಲುವ ಮದ್ದು ಅಂತ ಇಲ್ಲ, ಹಾಗಾಗಿ ರೋಗಿ ಉಳಿಯುವುದರಲ್ಲಿ ನಮ್ಮ ಕಣ್ಣಿನ ಪಾಲು ದೊಡ್ಡದು. ರಕ್ತಸ್ರಾವ, ಬಿ.ಪಿ., ಮೂತ್ರ, ಪ್ರಜ್ಞೆ ನೋಡುತ್ತ ಇರಬೇಕು. ಜ್ವರ ಬಿಟ್ಟು ಒಂದೆರಡು ವಾರ ಆದಮೇಲೆ ಕೆಲವರಿಗೆ ಮತ್ತೆ ಜ್ವರ, ತಲೆನೋವು, ಕೈ ನಡುಕ, ಗೊಂದಲ ಬರುತ್ತದೆ. ಡಿಸ್ಚಾರ್ಜ್ ಮಾಡುವಾಗ ಇದನ್ನು ಮನೆಯವರಿಗೆ ಹೇಳಿ ಕಳಿಸಿ. ಗದ್ದೆ ಕೆಲಸದವರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಅಂದರೆ ಇಲಿ ಜ್ವರ ನೆನಪಾಗಬೇಕು.

ಹಾವು ಕಚ್ಚಿದವರು ಬಂದರೆ ಮೊದಲ ಕೆಲವು ಗಂಟೆ ಅವರು ನಿಮ್ಮ ಕಣ್ಣೆದುರೇ ಇರಬೇಕು. ಮೂಲೆಯ ಬೆಡ್ ಕೊಡಬೇಡಿ. ಕೊಳಕುಮಂಡಲ ಆದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿನಲ್ಲಿ 2 ಎಂ.ಎಲ್. ರಕ್ತ, 20 ನಿಮಿಷ ಅಲುಗಾಡಿಸದೆ ಇಟ್ಟು ಆಮೇಲೆ ಓರೆ ಮಾಡಿ ನೋಡುವುದು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದರೆ ಉತ್ತರ ತಪ್ಪಾಗುತ್ತದೆ. ನಾಗರಹಾವು, ಕಟ್ಟುಹಾವು ಆದರೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿ, ಎಷ್ಟರವರೆಗೆ ಹೋದರು ಅಂತ ಬರೆದಿಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. 25ರಿಂದ 14ಕ್ಕೆ ಬಂತು ಅಂದರೆ ಸ್ಯಾಚುರೇಷನ್ ಬೀಳುವ ಮೊದಲೇ ನಿಮಗೆ ಗೊತ್ತಾಯಿತು. ಎ.ಎಸ್.ವಿ. (ಹಾವಿನ ವಿಷಕ್ಕೆ ಕೊಡುವ ಮದ್ದು) ಹೋಗುವಾಗ ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲೇ ಇಟ್ಟಿರಬೇಕು. ತುರಿಕೆ, ಒಂದೇ ಒಂದು ದದ್ದು ಬಂದರೂ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಅಡ್ರಿನಲಿನ್ ದೊಡ್ಡವರಿಗೆ 0.5 ಮಿ.ಗ್ರಾಂ., ತೊಡೆಯ ಹೊರಭಾಗದ ಸ್ನಾಯುವಿಗೆ. ನಮ್ಮ ತೋಟಗಳಲ್ಲಿ ಸಿಗುವ ಹಂಪ್ ನೋಸ್ಡ್ ಪಿಟ್ ವೈಪರ್ ಹಾವಿನ ವಿಷಕ್ಕೆ ಈಗಿನ ಎ.ಎಸ್.ವಿ. ನಾಟುವುದಿಲ್ಲ, ಅದು ಕಿಡ್ನಿಗೆ ಹೊಡೆಯಬಹುದು. ಅವರಿಗೆ ಮೂತ್ರದ ಲೆಕ್ಕವೇ ಮುಖ್ಯ.

ಅಡಿಕೆ ಮರದಿಂದ ಬಿದ್ದ ಕೊನೆಗಾರರು ಬಂದರೆ ಬೆನ್ನುಮೂಳೆ ಮುರಿದಿದೆ ಅಂತಲೇ ತಿಳಿದು ಮುಟ್ಟಿ. ಇಬ್ಬರು ಕೈಕಾಲು ಹಿಡಿದು ಎತ್ತುವುದು ಬೇಡ, ಮರದ ದಿಮ್ಮಿ ಹೊರಳಿಸಿದ ಹಾಗೆ ತಲೆಯಿಂದ ಕಾಲಿನವರೆಗೆ ಒಟ್ಟಿಗೆ ಹೊರಳಿಸಿ. ಕಾಲಿನ ಬೆರಳು ಆಡಿಸುತ್ತಾರಾ ಅಂತ ಬಂದಾಗಲೇ ಬರೆದಿಡಿ, ಆಮೇಲೆ ಬದಲಾದರೆ ಹೋಲಿಸಲು ಏನಾದರೂ ಇರಬೇಕಲ್ವಾ.

ಡಾಕ್ಟರಿಗೆ ಫೋನ್ ಮಾಡುವ ಮುಂಚೆ

"ಸರ್, ಎರಡನೇ ಬೆಡ್ ಅಜ್ಜಿ ಯಾಕೋ ಸರಿ ಇಲ್ಲ, ಬಂದು ನೋಡ್ತೀರಾ" ಅಂದರೆ "ನೋಡೋಣ" ಅನ್ನುತ್ತಾರೆ, ಮುಗಿಯಿತು. ಹೀಗೆ ಹೇಳಿ: "ಸರ್, ಆರ್ಥೋ ಎರಡನೇ ಬೆಡ್, ತೊಡೆ ಮೂಳೆ ಆಪರೇಷನ್ ಆಗಿ ಎರಡು ದಿನ. ಸಂಜೆಯಿಂದ ಹೊಸದಾಗಿ ಗೊಂದಲ. ಉಸಿರು 28, ಸ್ಯಾಚುರೇಷನ್ 89 ಇತ್ತು, ಆಕ್ಸಿಜನ್ ಹಾಕಿದ ಮೇಲೆ 93. ಪಲ್ಸ್ 118, ಬಿ.ಪಿ. 108/70, ಬೆಳಿಗ್ಗೆ 140 ಇತ್ತು. ಶ್ವಾಸಕೋಶದ ತೊಂದರೆ ಅಂತ ನನಗೆ ಅನುಮಾನ. ನೀವು ಈಗಲೇ ಬಂದು ನೋಡಬೇಕು ಸರ್." ಅರ್ಧ ನಿಮಿಷದ ಮಾತು. ಕೇಸ್ ಶೀಟ್ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ. ನಿಮಗೆ ಏನು ಬೇಕು ಅನ್ನುವುದನ್ನು ಬಾಯಿ ಬಿಟ್ಟು ಹೇಳಿ, ಸಂಕೋಚ ಬೇಡ. ಫೋನಿನಲ್ಲಿ ಆರ್ಡರ್ ಕೊಟ್ಟರೆ ಮದ್ದಿನ ಹೆಸರು, ಡೋಸು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ. ಬರಲಿಲ್ಲ ಅಂದರೆ ಹತ್ತು ನಿಮಿಷಕ್ಕೆ ಮತ್ತೆ ಮಾಡಿ, ಆಮೇಲೆ ಅವರ ಮೇಲಿನವರಿಗೆ, ಇನ್‌ಚಾರ್ಜ್ ಸಿಸ್ಟರಿಗೆ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ ಅಂತ ಬರೆಯಿರಿ. ಬೈಸಿಕೊಳ್ಳುವ ಭಯಕ್ಕೆ ಫೋನ್ ಮಾಡದೇ ಇರುವುದು ಬೇಡ.

ತಾಲ್ಲೂಕು ಆಸ್ಪತ್ರೆಯಲ್ಲಿ ಇರುವವರು ಇನ್ನೂ ಬೇಗ ಎಚ್ಚರ ಆಗಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ., ಮಳೆಯ ರಾತ್ರಿ ಆ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೇ ಗೊತ್ತು. ಐ.ಸಿ.ಯು. ಮೇಲಿನ ಮಹಡಿಯಲ್ಲೇ ಇರುವ ಕಡೆ ಅರ್ಧ ಗಂಟೆ ಕಾದು ನೋಡಬಹುದಾದದ್ದನ್ನು ಇಲ್ಲಿ ಕಾಯುವ ಹಾಗಿಲ್ಲ. ಕಳಿಸುವಾಗ ಎರಡು ಕ್ಯಾನುಲಾ ಹಾಕಿ, ಸಿಲಿಂಡರ್ ಮೀಟರ್ ನೋಡಿ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 10 ಲೀಟರ್ ಹೋದರೆ 150 ನಿಮಿಷ. ಅರ್ಧ ಇದ್ದರೆ 75 ನಿಮಿಷ, ದಾರಿಯಲ್ಲಿ ಮರ ಬಿದ್ದಿದ್ದರೆ ಸಾಲುವುದಿಲ್ಲ.

ಬಿಟ್ಟು ಹೋಗಬಾರದ ಕೆಲಸಗಳು

ರಕ್ತ ಹಾಕಿದ ಮೊದಲ 15 ನಿಮಿಷ ಆ ಬೆಡ್ ಬಿಡಬೇಡಿ. ಚಳಿ, ಸೊಂಟನೋವು, ಮೈ ತುರಿಕೆ ಅಂದ ಕೂಡಲೇ ರಕ್ತ ನಿಲ್ಲಿಸಿ, ಹೊಸ ಸೆಟ್ ಹಾಕಿ ನಾರ್ಮಲ್ ಸಲೈನ್ ಕೊಡಿ, ಬ್ಯಾಗ್ ಎಸೆಯಬೇಡಿ. ಪೊಟ್ಯಾಸಿಯಂ ಕ್ಲೋರೈಡ್ ಯಾವತ್ತೂ ಸಿರಿಂಜಿನಲ್ಲಿ ನೇರ ನರಕ್ಕೆ ತಳ್ಳಬೇಡಿ, ಹೃದಯ ನಿಲ್ಲುತ್ತದೆ. ಥೈರಾಯ್ಡ್ ಆಪರೇಷನ್ ಆದವರ ಕುತ್ತಿಗೆ ಊದಿ ಉಸಿರಿನಲ್ಲಿ ಸೀಟಿ ಶಬ್ದ ಬಂದರೆ ಬೇರೆಲ್ಲ ಬಿಟ್ಟು ಕೂಗಿ ಜನ ಸೇರಿಸಿ. ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸುವ ಸ್ಥಿತಿ) ಅಂತ ಬರೆದ ಆ್ಯಂಟಿಬಯೋಟಿಕ್ಕಿನ ಮೊದಲ ಡೋಸ್ ರೌಂಡ್ಸ್ ಮುಗಿಯಲಿ ಅಂತ ಕಾಯಬೇಡಿ. ಬೆಡ್‌ಶೀಟ್ ಬದಲಿಸುವುದು, ರಿಜಿಸ್ಟರ್ ತುಂಬುವುದು, ವಿಟಮಿನ್ ಮಾತ್ರೆ, ಇವು ತಡವಾದರೆ ಯಾರಿಗೂ ಏನೂ ಆಗುವುದಿಲ್ಲ. ಸ್ಟೂಡೆಂಟ್‌ಗೆ ವೈಟಲ್ಸ್ ತೆಗೆಯಲು ಹೇಳಬಹುದು, ಆದರೆ ಆ ನಂಬರ್ ನೋಡಿ ಏನು ಮಾಡಬೇಕು ಅನ್ನುವುದು ನಿಮ್ಮದೇ.

ಕ್ರಿಸ್ಟೀನ್ ಟ್ಯಾನರ್ ಅನ್ನುವ ಅಮೆರಿಕದ ನರ್ಸಿಂಗ್ ಪ್ರೊಫೆಸರ್ 2006ರಲ್ಲಿ ಈ ಯೋಚನೆಯನ್ನು ನಾಲ್ಕು ಹೆಜ್ಜೆ ಮಾಡಿ ಬರೆದರು. ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಮಾಡುವುದು, ಆಮೇಲೆ ತಿರುಗಿ ನೋಡುವುದು. ನಾವು ಮೂರನೆಯದಕ್ಕೇ ನಿಲ್ಲಿಸುತ್ತೇವೆ. ನೋವಿಗೆ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಗೆ ಹೋಗಿ ಕಡಿಮೆ ಆಯಿತಾ ಕೇಳಿ. ಆಕ್ಸಿಜನ್ ಹಾಕಿದರೆ ಐದು ನಿಮಿಷಕ್ಕೆ ಮತ್ತೆ ಉಸಿರು ಎಣಿಸಿ. ಬೆಳಿಗ್ಗೆ ಹ್ಯಾಂಡೋವರ್ ಕೊಡುವಾಗ ಎಲ್ಲ ಬೆಡ್ಡಿಗೂ ಒಂದೇ ಸಮ ಹೊತ್ತು ಕೊಡಬೇಡಿ, ರಾತ್ರಿ ಬದಲಾದ ಇಬ್ಬರು ಮೂವರ ಹತ್ತಿರ ಮುಂದಿನ ಸಿಸ್ಟರನ್ನು ಕರೆದುಕೊಂಡು ಹೋಗಿ, ಮುಖ ತೋರಿಸಿ, ರಾತ್ರಿ ಎಷ್ಟಿತ್ತು, ಈಗ ಎಷ್ಟಿದೆ, ಎಷ್ಟಕ್ಕೆ ಬಂದರೆ ಡಾಕ್ಟರನ್ನು ಕರೆಯಬೇಕು ಅಂತ ಅಲ್ಲೇ ನಿಂತು ಹೇಳಿ.